ಒಂಟಿಮನೆಯಿಂದ ತಾಲ್ಲೂಕು ಕಚೇರಿಯವರೆಗೆ

ಬಯಲುಸೀಮೆಯ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿರುವುದರಿಂದ ಒಂದು ಮನೆಯ ಕೂಗು ನಾಲ್ಕು ಮನೆಗೆ ಕೇಳಿಸೀತು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ, ತೋಟದ ತಲೆಗೊಂದು ಗದ್ದೆಯ ಅಂಚಿಗೊಂದು ಎಂಬಂತೆ ಚದುರಿರುವ ಒಂಟಿಮನೆಗಳಲ್ಲಿ, ಅದರಲ್ಲಿಯೂ ಆಷಾಢದ ಜಡಿಮಳೆ ಹಗಲಿರುಳೂ ಹೆಂಚಿನ ಮೇಲೆ ಸುರಿಯುತ್ತಿರುವ ದಿನಗಳಲ್ಲಿ, ಒಳಗೆ ಪೆಟ್ಟು ತಿನ್ನುತ್ತಿರುವ ಹೆಂಗಸಿನ ಆರ್ತಸ್ವರವು ಸ್ವಂತ ಅಂಗಳವನ್ನೂ ದಾಟಲಾರದು. ಮರುದಿನ ಮುಖದ ಮೇಲಿನ ಗಾಯವನ್ನು ಕಂಡು ಯಾರಾದರೂ ವಿಚಾರಿಸಿದರೆ, ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆನೆಂಬ ಉತ್ತರ ಸಿದ್ಧವಾಗಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ನಂಬದಿರುವುದಕ್ಕೆ ಕಾರಣವೂ ಇರುವುದಿಲ್ಲ.

ಈ ಏಕಾಂತವನ್ನು ಪ್ರಕೃತಿಯೊಂದೇ ನಿರ್ಮಿಸಿದ್ದಲ್ಲ. 1964ರಲ್ಲಿ ಲಿಂಗನಮಕ್ಕಿಯ ಬಳಿ ಶರಾವತಿಗೆ ಅಣೆಕಟ್ಟು ಎದ್ದು ನಿಂತು, ಸಾಗರ ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟ, ದೇವಸ್ಥಾನಗಳು 300 ಚದರ ಕಿಲೋಮೀಟರಿಗೂ ಮಿಕ್ಕ ಜಲರಾಶಿಯಲ್ಲಿ ಲೀನವಾದಾಗ, ಒಂದೇ ಊರಿನ ದಾಯಾದಿಗಳೂ ನೆಂಟರೂ ದಿಕ್ಕಿಗೊಬ್ಬರಾಗಿ ಚದುರಿದರು. ಪರಿಹಾರದ ಲೆಕ್ಕ ಬರೆದವರು ಎಕರೆ ಗುಂಟೆಗಳನ್ನು ಎಣಿಸಿದರೇ ವಿನಾ, ಕಷ್ಟಕಾಲದಲ್ಲಿ ಹೆಣ್ಣುಮಗಳು ನಡೆದು ಹೋಗಿ ಸೇರಬಹುದಾಗಿದ್ದ ತವರು ಎಷ್ಟು ದೂರವಾಯಿತೆಂಬುದನ್ನು ಎಣಿಸಲಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿಯ ಸುತ್ತಣ ಗ್ರಾಮಸ್ಥರಿಗೆ ಹೊಳೆಬಾಗಿಲಿನ ಲಾಂಚೇ ಸಾಗರಕ್ಕೆ ಹತ್ತಿರದ ದಾರಿಯಾಗಿತ್ತು. ಸಂಜೆ ಲಾಂಚು ದಡ ಸೇರಿ ನಿಂತಿತೆಂದರೆ ಪಟ್ಟಣದ ಠಾಣೆ, ಆಸ್ಪತ್ರೆಗಳೆರಡೂ ಕಾಡಿನ ಸುತ್ತುದಾರಿಯ ಆಚೆಗಿನ ಮಾತಾಗಿತ್ತು. 2025ರ ಜುಲೈ 14ರಂದು ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದಾಗ ಯಾತ್ರಿಕರಿಗೆ ಆದ ಸೌಕರ್ಯವನ್ನು ಎಲ್ಲರೂ ಕೊಂಡಾಡಿದೆವು; ಅಪರಾತ್ರಿಯಲ್ಲಿ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಡಬೇಕಾದವಳಿಗೂ ಅದು ದಾರಿಯೆಂಬುದನ್ನು ನೆನೆದವರು ವಿರಳ.

ವ್ಯಾಧಿ ಹೊಸದಲ್ಲ. 1936ರಲ್ಲಿ ಪ್ರಕಟವಾದ ‘ಕಾನೂರು ಹೆಗ್ಗಡಿತಿ’ ಕಾದಂಬರಿಯನ್ನು ಓದಿದವರಿಗೆ, ಈ ಸೀಮೆಯ ದೊಡ್ಡ ಮನೆಗಳ ಒಳಗೂ ಗಂಡನ ಕ್ರೌರ್ಯವು ಹೇಗೆ ಮನೆತನದ ಗೌರವದ ಮುಸುಕನ್ನು ಹೊದ್ದು ಕುಳಿತಿರುತ್ತಿತ್ತು ಎಂಬುದು ತಿಳಿದೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇಕಡಾ 44.4ರಷ್ಟು ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ 20.6 ಆಗಿತ್ತು. 2019–21ರ ಸಮೀಕ್ಷೆಯ ಪ್ರಕಾರವೇ, ದೇಶದಲ್ಲಿ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇಕಡಾ 14 ಮಾತ್ರ. ಶೇಕಡಾ 77 ಮಂದಿ ನೆರವನ್ನು ಕೇಳಿದ್ದೂ ಇಲ್ಲ, ಯಾರ ಮುಂದೆಯೂ ಬಾಯಿ ಬಿಟ್ಟಿದ್ದೂ ಇಲ್ಲ. ನನ್ನ ಮಟ್ಟಿಗೆ ಮೊದಲನೆಯ ಅಂಕಿಗಿಂತ ಈ ಕೊನೆಯದೇ ಹೆಚ್ಚು ಭೀಕರ.

ಬಾಯಿ ಬಿಟ್ಟವಳಿಗೆ ದೊರೆಯುತ್ತಿದ್ದುದಾದರೂ ಏನು? ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಒಂದು ಕಡೆ, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಇನ್ನೊಂದು ಕಡೆ. ಎರಡರ ನಡುವೆ ಊರ ಹಿರಿಯರ ಪಂಚಾಯಿತಿ. ಜಗಲಿಯ ಮೇಲೆ ಕುಳಿತ ನಾಲ್ವರು ಸದ್ಗೃಹಸ್ಥರು ಗಂಡನಿಗೆ ಎರಡು ಬುದ್ಧಿಮಾತನ್ನೂ ಹೆಂಡತಿಗೆ ಹೊಂದಿಕೊಂಡು ಹೋಗಬೇಕೆಂಬ ಉಪದೇಶವನ್ನೂ ದಯಪಾಲಿಸಿ, ಕಾಫಿ ಕುಡಿದು ಏಳುತ್ತಿದ್ದರು. ಆ ಹಿರಿಯರ ಸದುದ್ದೇಶವನ್ನು ನಾನು ಸಂಶಯಿಸುವವನಲ್ಲ. ಆದರೆ ಹೊಡೆದವನಿಂದ ಯಾವ ಹೊಣೆಯನ್ನೂ ಬರೆಯಿಸಿಕೊಳ್ಳದೆ ಹೊಡೆಸಿಕೊಂಡವಳನ್ನು ಅದೇ ಮನೆಗೆ ಕಳುಹಿಸುವ ರಾಜಿಯನ್ನು ನ್ಯಾಯವೆಂದು ಕರೆಯಲಾರೆ.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದು, ಈ ಸ್ಥಿತಿಯನ್ನು ಕಾಗದದ ಮೇಲಾದರೂ ಬದಲಿಸಿತು. ಗಂಡನನ್ನು ಸೆರೆಮನೆಗೆ ಅಟ್ಟುವುದಕ್ಕಿಂತ ನೊಂದವಳಿಗೆ ರಕ್ಷಣೆ, ವಾಸ, ಜೀವನಾಂಶ, ಮಕ್ಕಳ ಪಾಲನೆ ಇವುಗಳನ್ನು ಒದಗಿಸುವುದೇ ಇದರ ಮುಖ್ಯ ಉದ್ದೇಶ. ಹೆಂಡತಿಯೊಬ್ಬಳಿಗೇ ಅಲ್ಲದೆ ತಾಯಿಗೂ ಸೋದರಿಗೂ ವಿಧವೆಯಾದ ಅತ್ತಿಗೆಗೂ ಇದರ ಆಶ್ರಯವುಂಟು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಎಂದರೆ ಜನರ ಬಾಯಲ್ಲಿ ‘ಸಿ.ಡಿ.ಪಿ.ಓ.’ ಆದವರೇ, ಸಂರಕ್ಷಣಾಧಿಕಾರಿಯೂ ಹೌದು. ಅವರ ಮುಂದೆ ಕುಳಿತು ಹೇಳಿದ್ದು ‘ಡಿ.ಐ.ಆರ್.’, ಎಂದರೆ ಕೌಟುಂಬಿಕ ಘಟನೆಯ ವರದಿಯಾಗಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಆ ನಮೂನೆಯನ್ನು ಒಮ್ಮೆ ಓದಿ ನೋಡತಕ್ಕದ್ದು: ಹೊಡೆತ ಬಡಿತಗಳಷ್ಟೇ ಅಲ್ಲ, ಶೀಲದ ಮೇಲೆ ಅಪವಾದ, ವರದಕ್ಷಿಣೆ ತರಲಿಲ್ಲವೆಂಬ ಹಂಗಣೆ, ಗಂಡು ಹೆರಲಿಲ್ಲವೆಂಬ ಮೂದಲಿಕೆ, ಅನ್ನ ಬಟ್ಟೆ ಔಷಧಿಗಳನ್ನು ಕೊಡದಿರುವುದು, ಮನೆಯಿಂದ ಹೊರಗೆ ಹೋಗಗೊಡದಿರುವುದು ಎಲ್ಲವೂ ಅಲ್ಲಿ ಒಂದೊಂದು ಸಾಲಾಗಿ ನಿಂತಿವೆ. ಸಂಸಾರವೆಂದರೆ ಇಷ್ಟೇ ಎಂದು ಸಹಿಸಿಕೊಂಡು ಬಂದ ಹೆಂಗಸು ಅವನ್ನು ಸರ್ಕಾರದ ಕಾಗದದಲ್ಲಿ ದೌರ್ಜನ್ಯದ ಪಟ್ಟಿಯಾಗಿ ಕಾಣುವುದು ಸಣ್ಣ ಸಂಗತಿಯಲ್ಲ.

ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ, ಇತ್ಯರ್ಥ 60 ದಿನಗಳೊಳಗೆ ಎಂಬುದು ಶಾಸನದ ಮಾತು. ನ್ಯಾಯಾಲಯಗಳ ನಡಿಗೆಯನ್ನು ಬಲ್ಲವರು ಇದನ್ನು ಆಶಯವೆಂದು ತಿಳಿದರೆ ಸಾಕು. ಹೊಸನಗರದ ಗಂಡನ ಮನೆಯಿಂದ ತೀರ್ಥಹಳ್ಳಿಯ ತವರಿಗೆ ಬಂದವಳು ತೀರ್ಥಹಳ್ಳಿಯಲ್ಲಿಯೇ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ವಾಸಿಸುವ ಸ್ಥಳವೂ ಅಧಿಕಾರವ್ಯಾಪ್ತಿಗೆ ಸಾಲುತ್ತದೆ. ಮನೆ ಮಾವನ ಹೆಸರಿನಲ್ಲಿದೆ ಎಂಬ ಕಾರಣಮಾತ್ರದಿಂದ ಸೊಸೆಗೆ ವಾಸದ ಹಕ್ಕು ತಪ್ಪದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ರಕ್ಷಣಾದೇಶವನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ವಕೀಲರ ವೆಚ್ಚಕ್ಕೂ ಅಂಜಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ನೆರವಿಗೆ ಹೆಂಗಸರಿಗೆ ಆದಾಯದ ಮಿತಿಯಿಲ್ಲ. ಸ್ವಯಂಸೇವಾ ಸಂಸ್ಥೆಗಳ ಮೂಲಕ ರಾಜ್ಯ ಸರ್ಕಾರ ನಡೆಯಿಸುತ್ತ ಬಂದ ‘ಸಾಂತ್ವನ’ ಕೇಂದ್ರಗಳು, ಜಿಲ್ಲಾ ಮಟ್ಟದಲ್ಲಿ ಚಿಕಿತ್ಸೆ, ಸಮಾಲೋಚನೆ, ಅಲ್ಪಕಾಲದ ತಂಗುವಿಕೆಗಳನ್ನು ಒಂದೇ ಸೂರಿನಡಿ ಒದಗಿಸುವ ‘ಸಖಿ’, ದೀರ್ಘಕಾಲ ಉಳಿಯಬೇಕಾದವರಿಗೆ ‘ಶಕ್ತಿ ಸದನ’ ಇವೂ ಇವೆ.

ಇಷ್ಟೆಲ್ಲ ಇದ್ದೂ, ಒಂಟಿಮನೆಗೂ ಪಟ್ಟಣದ ಸಿ.ಡಿ.ಪಿ.ಓ. ಕಚೇರಿಗೂ ನಡುವಣ ದಾರಿಯನ್ನು ಕ್ರಮಿಸುವುದು ಹೇಗೆಂಬುದೇ ಮುಖ್ಯ ಪ್ರಶ್ನೆ. 2023ರ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆಯಡಿ ಹೆಂಗಸರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಆದರೂ ಸೇತು ಒಂದು ಆಗಲೇ ಇದೆ, ನಾವು ಅದನ್ನು ಸೇತುವೆಂದು ಗುರುತಿಸಿಲ್ಲವಷ್ಟೆ. ಗ್ರಾಮದ ಅಂಗನವಾಡಿ ಟೀಚರ್ ಇದೇ ಸಿ.ಡಿ.ಪಿ.ಓ.ಗಳ ಇಲಾಖೆಯವರು, ಮಗುವಿನ ತೂಕ ಹಾಕುವ ನೆಪದಲ್ಲಿ ಮನೆಯ ಒಳಗಿನವರೆಗೆ ಹೋಗಬಲ್ಲವರು, ಇಲಾಖೆಯ ಸಭೆಗೆ ಪಟ್ಟಣಕ್ಕೂ ಹೋಗಿ ಬರತಕ್ಕವರು. ಆಶಾ ಕಾರ್ಯಕರ್ತೆ ಬೇರೆ ಇಲಾಖೆಯವರಾದರೂ ಮನೆಯ ಒಳಗಿನವರೆಗೆ ಹೋಗಬಲ್ಲವರೇ. ಅಡಿಕೆಯ ಕೊಯ್ಲಿನಲ್ಲಿ ನಾಲ್ಕಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿ ಸುಲಿಯುವಾಗ, ಕೈ ಕೆಲಸದಲ್ಲಿರಲಾಗಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲದ ಆ ಹೊತ್ತಿನಲ್ಲಿ, ಬೇರೆಲ್ಲಿಯೂ ಹೊರಡದ ಮಾತು ಹೊರಡುತ್ತದೆ. ಅದನ್ನು ಕೇಳಿಸಿಕೊಂಡವಳಿಗೂ ಶಾಸನವು ಅಭಯವಿತ್ತಿದೆ: ದೌರ್ಜನ್ಯ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ದಾವೆಯೂ ನಿಲ್ಲದು.

ಸಮಾಲೋಚನೆಯ ವಿಷಯದಲ್ಲಿಯೂ ನಿಯಮವು ಜಗಲಿಯ ಪಂಚಾಯಿತಿಗಿಂತ ಕಟ್ಟುನಿಟ್ಟು. ತಾನೇಕೆ ಹೊಡೆದೆನೆಂಬ ಸಮರ್ಥನೆಯನ್ನು ಅಲ್ಲಿ ಗಂಡನು ಮುಂದಿಡುವಂತಿಲ್ಲ. ‘ಕುಡಿದಾಗ ಮಾತ್ರ ಹಾಗೆ, ಇಲ್ಲವಾದರೆ ದೇವರಂಥವನು’ ಎಂಬ ಮಾತು ನಮ್ಮಲ್ಲಿ ಬಲು ಸಲೀಸು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಿಂದ ಉಪಕಾರವಾದ ಸಂಸಾರಗಳುಂಟು. ಆದರೆ ಕುಡಿದವನು ಬೀದಿಯಲ್ಲಿ ಸಾಹುಕಾರನ ಮೇಲೆ ಕೈಯೆತ್ತದೆ ಮನೆಗೆ ಬಂದು ಹೆಂಡತಿಯ ಮೇಲೆ ಎತ್ತುತ್ತಾನೆಂದ ಮೇಲೆ, ದೋಷವೆಲ್ಲ ಸೀಸೆಯದೆಂದು ಹೇಳುವಂತಿಲ್ಲ.

ಇನ್ನು ಕೈಯಲ್ಲಿ ಸ್ವಂತ ದುಡ್ಡು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘ ಹಿಂಸೆಯಿಂದ ಹೆಣ್ಣನ್ನು ಕಾಪಾಡುವ ಉದ್ದೇಶಕ್ಕಾಗಿ ಹುಟ್ಟಿದ್ದಲ್ಲ. ಆದರೂ ನೇಯ್ಗೆ, ಬಣ್ಣ, ಹೊಲಿಗೆಗಳಿಂದ ತಿಂಗಳ ಸಂಬಳ ತರುವ ಹೆಣ್ಣಿಗೆ ಮನೆಯಲ್ಲಿ ದೊರೆಯುವ ಸ್ಥಾನವೇ ಬೇರೆ ಎಂಬುದು ಸುತ್ತಿನ ಹಳ್ಳಿಗಳು ಬಲ್ಲ ವಿಷಯ.

ಸಿ.ಡಿ.ಪಿ.ಓ.ಗಳಿಗೆ ಪೌಷ್ಟಿಕ ಆಹಾರ, ಅಂಗನವಾಡಿ ಕಟ್ಟಡ, ಸಭೆ, ವರದಿಗಳ ಭಾರ ಮೊದಲೇ ಇದೆ. ಎಲ್ಲ ರಾಜ್ಯಗಳೂ ತಾಲ್ಲೂಕು ಮಟ್ಟದವರೆಗೆ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಿನಲ್ಲಿ ಆಜ್ಞಾಪಿಸಿತಾದರೂ, ಇದೊಂದೇ ಕೆಲಸಕ್ಕೆಂದು ಪ್ರತ್ಯೇಕ ಅಧಿಕಾರಿಯಿಲ್ಲದೆ ಈ ಹೊಣೆ ನಿಜವಾಗಿ ನಿರ್ವಹಣೆಯಾಗದೆಂಬುದು ನನ್ನ ಅಭಿಪ್ರಾಯ. ಅದು ಸರ್ಕಾರ ಮಾಡಬೇಕಾದದ್ದು. ಗ್ರಾಮ ಪಂಚಾಯಿತಿಗಳು ಮಾಡಬಹುದಾದದ್ದು ಇನ್ನೂ ಸುಲಭ: ಮಹಿಳಾ ಸಹಾಯವಾಣಿ 181, ತುರ್ತು ನೆರವಿನ 112, ಮಕ್ಕಳ 1098, ಕಾನೂನು ನೆರವಿನ 15100 ಇವನ್ನು ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣಗಳ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿಸುವುದಕ್ಕೆ ಯಾವ ಹೊಸ ಆದೇಶವೂ ಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಹೋಗುವ ಓದುಗರು ದಯವಿಟ್ಟು ಅದನ್ನು ಕೇಳಲಿ.