ಲಾಸ್ ವೇಗಸ್‌ನ ನಿಯಾನ್ ಫಲಕಗಳು ಏನಾದವು?

ಪ್ರಶ್ನೆ: ನಿಯಾನ್ ಫಲಕಗಳ ಊರಾಗಿದ್ದ ಲಾಸ್ ವೇಗಸ್ 1990ರ ದಶಕದಲ್ಲಿ ಪಿರಮಿಡ್ಡು, ಐಫೆಲ್ ಗೋಪುರಗಳ ಊರಾದದ್ದು ಏಕೆ?

ಉತ್ತರ: ಕ್ಯಾಸಿನೊ ಜೂಜು ಲಾಸ್ ವೇಗಸ್ ಇರುವ ನೆವಾಡ ರಾಜ್ಯವೊಂದರ ಸೊತ್ತಾಗಿ ಉಳಿಯದಿದ್ದುದೇ ಮೂಲ ಕಾರಣ. 1978ರಲ್ಲಿ ನೆವಾಡದಾಚೆಯ ಅಟ್ಲಾಂಟಿಕ್ ಸಿಟಿಯಲ್ಲಿ ಕ್ಯಾಸಿನೊ ತೆರೆಯಿತು. 1988ರ ಕಾನೂನಿನ ನಂತರ ಜೂಜು ಅಮೆರಿಕದ ಮೂಲನಿವಾಸಿಗಳ ನೆಲದಲ್ಲೂ ಹಬ್ಬಿತು. ಮನೆಯ ಹತ್ತಿರವೇ ಜೂಜು ಸಿಕ್ಕರೆ ಮರುಭೂಮಿಗೆ ಯಾಕೆ ಹೋಗಬೇಕು? ಹಾಗಾಗಿ ಕಟ್ಟಡವೇ ಜನರನ್ನು ಕರೆಯಬೇಕಾಯಿತು. ಅದಕ್ಕೂ ಮುಂಚೆ ರಸ್ತೆಬದಿಯಲ್ಲಿ ಎತ್ತರದ ನಿಯಾನ್ ಫಲಕ, ಅದರ ಹಿಂದೆ ಕಾರು ನಿಲ್ಲಿಸುವ ಬಯಲು, ಅದರಾಚೆ ಹೋಟೆಲು. ಎಲ್ಲವೂ ಓಡುವ ಕಾರಿನಲ್ಲಿ ಕೂತವರ ಕಣ್ಣಿಗಾಗಿ. 1989ರ ನವೆಂಬರಿನಲ್ಲಿ ಕ್ಯಾಸಿನೊ ಉದ್ಯಮಿ ಸ್ಟೀವ್ ವಿನ್ ತೆರೆದ ಮಿರಾಜ್ ಹೋಟೆಲು ಈ ಕ್ರಮವನ್ನು ಬುಡಮೇಲು ಮಾಡಿತು. ಫುಟ್‌ಪಾತಿನ ಪಕ್ಕದಲ್ಲೇ ಕೃತಕ ಜ್ವಾಲಾಮುಖಿ, ನೀರಿನ ಮೇಲೆ ಭುಗಿಲೇಳುವ ಬೆಂಕಿ, ಅದೂ ಪುಕ್ಕಟೆ. ಜನ ಕಾರಿಳಿದು ನಿಂತು ನೋಡಿದರು.

ಮಕ್ಕಳೊಂದಿಗೆ ಬರುವವರನ್ನು ಸೆಳೆಯಲು ಈ ವೇಷ ಎಂದು ಹಲವರು ವಾದಿಸುತ್ತಾರೆ. 1993ರಲ್ಲಿ 5,005 ಕೋಣೆಗಳ ಎಂಜಿಎಂ ಗ್ರ್ಯಾಂಡ್ ಹೋಟೆಲು ಥೀಮ್ ಪಾರ್ಕಿನೊಂದಿಗೇ ಬಂದದ್ದು ನಿಜ. ಆದರೆ ಆ ಪಾರ್ಕು ಬಹುಕಾಲ ಬಾಳಲಿಲ್ಲ, ಕಟ್ಟಡಗಳ ವೈಭವ ಮಾತ್ರ ಏರುತ್ತಲೇ ಹೋಯಿತು. 1993ರ ಅಕ್ಟೋಬರಿನಲ್ಲಿ ಸ್ಫೋಟಿಸಿ ಉರುಳಿಸಿದ ಡ್ಯೂನ್ಸ್ ಹೋಟೆಲಿನ ಜಾಗದಲ್ಲಿ 1998ರಲ್ಲಿ ತೆರೆದ ಬೆಲ್ಲಾಜಿಯೊ ನೋಡಿ: ಕುಣಿಯುವ ಕಾರಂಜಿ, ಕಲಾ ಗ್ಯಾಲರಿ. ಅದು ದುಡ್ಡಿರುವ ದೊಡ್ಡವರಿಗೆಂದೇ ಕಟ್ಟಿದ್ದು. ಈ ಭರಾಟೆಯಲ್ಲಿ ಊರು ನಿಯಾನ್ ಫಲಕಗಳೆಂಬ ತನ್ನದೇ ಆದ ಕಲೆಯನ್ನು ಕೈಯಾರೆ ಕೆಡವಿತು, ಅದು ದೊಡ್ಡ ನಷ್ಟ. ಅಳಿದುಳಿದ ಫಲಕಗಳನ್ನು 1996ರಲ್ಲಿ ಸ್ಥಾಪನೆಯಾದ ನಿಯಾನ್ ಮ್ಯೂಸಿಯಂ ಊರಿನಲ್ಲೇ ಕಾಪಾಡಿಕೊಂಡು ಬಂದಿದೆ.