ಉಗುರಿನ ಕಪ್ಪು ಗೆರೆ ಎಲ್ಲಿಂದ ಹೊರಟಿದೆ?

ಬೆಂಗಳೂರಿನ ಬ್ಯಾಡರಹಳ್ಳಿ, ಹೇರೋಹಳ್ಳಿ, ಸುಂಕದಕಟ್ಟೆ ಕಡೆಯ ಲೇತ್ ಮತ್ತು ಪ್ರೆಸ್ ಶಾಪುಗಳಲ್ಲಿ ಕಪ್ಪು ಉಗುರು ಸುದ್ದಿಯೇ ಅಲ್ಲ. ಕೈಯಿಂದ ಜಾಬ್ ಜಾರಿ ಕಾಲ ಮೇಲೆ ಬಿದ್ದಿರುತ್ತದೆ, ಇಲ್ಲವೇ ಸುತ್ತಿಗೆ ಗುರಿ ತಪ್ಪಿರುತ್ತದೆ. ಯಾರಾದರೂ ಕೇಳಿದರೆ "ಏನಿಲ್ಲ ಬಿಡಣ್ಣ, ಏಟು ಬಿದ್ದಿತ್ತು" ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಹೆಚ್ಚಿನ ಸಲ ಆ ಉತ್ತರ ಸರಿಯೂ ಹೌದು. ಆದರೆ ಉಗುರಿನಡಿಯ ಮೆಲನೋಮ ಎಂಬ ಕ್ಯಾನ್ಸರ್ ಇದೇ ಉತ್ತರದ ಹಿಂದೆ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಅದು ಹೆಚ್ಚಾಗಿ ಹುಟ್ಟುವುದು ಏಟು ಬೀಳುವ ಅದೇ ಹೆಬ್ಬೆರಳುಗಳಲ್ಲಿ. ಕಾಣುವುದೂ ಹೆಚ್ಚಾಗಿ ಕಪ್ಪಾಗಿಯೇ. ಶುರುವಿನಲ್ಲಿ ನೋವಂತೂ ಇರುವುದಿಲ್ಲ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಕೆಟ್ಟಾಗ ಬರುವುದು ಮೆಲನೋಮ. ಬಿಳಿಯರ ದೇಶಗಳಲ್ಲಿ ಇದು ಬಿಸಿಲಿನ ಕಾಯಿಲೆ. ನಮ್ಮ ಕಂದು ಚರ್ಮಕ್ಕೆ ಬಿಸಿಲಿನಿಂದ ಒಳ್ಳೆಯ ರಕ್ಷಣೆ ಇದೆ, ಹಾಗಾಗಿ ಮೆಲನೋಮವೇ ನಮ್ಮಲ್ಲಿ ಅಪರೂಪ. ಬಂದರೆ ಮಾತ್ರ ಅಂಗಾಲು, ಅಂಗೈ, ಉಗುರಿನಂಥ ಬಿಸಿಲು ಅಷ್ಟಾಗಿ ತಾಗದ ಜಾಗಗಳನ್ನೇ ಹುಡುಕಿಕೊಂಡು ಬರುತ್ತದೆ. ಸನ್‌ಸ್ಕ್ರೀನ್ ಜಾಹೀರಾತುಗಳಿಗೂ ಉಗುರಿನ ಮೆಲನೋಮಕ್ಕೂ ಸಂಬಂಧವಿಲ್ಲ ಎಂದೇ ಹೇಳಬೇಕು.

ಉಗುರನ್ನು ಓದುವುದು ಹೇಗೆಂದು ತಿಳಿಯಲು ಅದು ಬೆಳೆಯುವ ಬಗೆ ಗೊತ್ತಿರಬೇಕು. ನಮಗೆ ಕಾಣುವ ಉಗುರು ಜೀವವಿಲ್ಲದ ಗಟ್ಟಿ ಪದರ. ಜೀವವಿರುವುದು ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ. ಹೆಬ್ಬೆರಳಿನಲ್ಲಿ ಬಿಳಿಯ ಅರ್ಧಚಂದ್ರ ಕಾಣುತ್ತದಲ್ಲ, ಅದು ಆ ಬುಡದ ಹೊರಗೆ ಇಣುಕುವ ತುದಿ. ಅಲ್ಲಿಂದ ಉಗುರು ಮಗ್ಗದಿಂದ ಬಟ್ಟೆ ಬಂದಂತೆ ಮುಂದಕ್ಕೆ ಬರುತ್ತಲೇ ಇರುತ್ತದೆ. ಮಗ್ಗದಲ್ಲಿ ಉದ್ದೆಳೆಗಳ ನಡುವೆ ಒಂದು ಕಪ್ಪೆಳೆ ಸೇರಿದರೆ ಬಟ್ಟೆಯುದ್ದಕ್ಕೂ ಕಪ್ಪು ಪಟ್ಟಿ ಬೀಳುತ್ತದೆ. ಹಾಗೆಯೇ ಬುಡದಲ್ಲಿ ಸುಮ್ಮನೆ ಕೂತಿದ್ದ ಬಣ್ಣದ ಕೋಶಗಳು ಕೆಲಸ ಶುರು ಮಾಡಿದರೆ ಉಗುರಿನ ಉದ್ದಕ್ಕೆ ಗೆರೆ ಮೂಡುತ್ತದೆ.

ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟು. ಇಷ್ಟು ಗೊತ್ತಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಏಟು ಬಿದ್ದು ಹೆಪ್ಪುಗಟ್ಟಿದ ರಕ್ತ ಉಗುರಿನ ಜೊತೆಗೇ ಮುಂದೆ ಸಾಗುತ್ತದೆ. ಕೆಲವು ವಾರ ಕಳೆದರೆ ಕಲೆಗೂ ಬುಡದ ಚರ್ಮಕ್ಕೂ ನಡುವೆ ಶುಭ್ರವಾದ ಹೊಸ ಉಗುರು ಕಾಣಬೇಕು. ಮೊಬೈಲಿನಲ್ಲಿ ಇವತ್ತೊಂದು ಫೋಟೊ, ಮುಂದಿನ ತಿಂಗಳೊಂದು ಫೋಟೊ ತೆಗೆದರೆ ಸಾಕು. ಕಾಲಿನದಾದರೆ ಎರಡು ತಿಂಗಳು ಕಾಯಿರಿ. ಕಪ್ಪು ಜರುಗಿದ್ದರೆ ಅದು ಬಹುತೇಕ ರಕ್ತ. ಬುಡಕ್ಕೆ ಅಂಟಿಕೊಂಡೇ ಇದ್ದರೆ ಏಟಿನ ಕಥೆ ಅಲ್ಲಿಗೆ ಮುಗಿಯಿತು, ಡಾಕ್ಟರಿಗೆ ತೋರಿಸಬೇಕು. ಗಡ್ಡೆಯಿಂದಲೂ ರಕ್ತ ಒಸರಬಹುದು. ಆದ್ದರಿಂದ ಅದೇ ಬೆರಳಿನಲ್ಲಿ ರಕ್ತದ ಕಲೆ ಮತ್ತೆ ಮತ್ತೆ ಬಂದರೂ ತೋರಿಸುವುದೇ ಸರಿ.

ಗೆರೆಯ ಆಕಾರದಲ್ಲಿ ಇನ್ನೊಂದು ಸುಳಿವಿದೆ. ಕೈಯುಗುರಿನ ತುದಿ ಸುಮಾರು ಆರು ತಿಂಗಳು ಹಳೆಯದು, ಬುಡ ಈ ವಾರದ್ದು. ಗೆರೆಯ ಎರಡು ಅಂಚೂ ಸಮಾನಾಂತರವಾಗಿದ್ದರೆ ಅರ್ಧ ವರ್ಷದಿಂದ ಅಷ್ಟೇ ಕೋಶಗಳು ಬಣ್ಣ ಹಾಕುತ್ತಿವೆ ಎಂದರ್ಥ. ತುದಿಯಲ್ಲಿ ಸಣ್ಣಗಿದ್ದು ಬುಡದಲ್ಲಿ ಅಗಲವಾಗಿದ್ದರೆ ಬಣ್ಣದ ಕೋಶಗಳ ಗುಂಪು ಅಷ್ಟರಲ್ಲಿ ಹಿಗ್ಗಿದೆ. ಆ ತ್ರಿಕೋನವನ್ನು ಕಂಡ ಚರ್ಮವೈದ್ಯರು ಮುಂದಿನ ತಿಂಗಳು ಬನ್ನಿ ಎಂದು ಕಳಿಸುವುದಿಲ್ಲ.

ಹಾಗೆಂದು ಗೆರೆ ಕಂಡವರೆಲ್ಲ ಹೆದರಿದರೆ ಆಸ್ಪತ್ರೆಗಳಲ್ಲಿ ಜಾಗ ಸಾಲದು. ಕಪ್ಪು, ಕಂದು ಚರ್ಮದವರಲ್ಲಿ ವಯಸ್ಸಾದಂತೆ ಹಲವು ಉಗುರುಗಳಲ್ಲಿ ಗೆರೆ ಮೂಡುವುದು ತೀರಾ ಸಹಜ. ಬಿ12 ಕೊರತೆಯಿಂದಲೂ ಬರುತ್ತದೆ, ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಆ ಕೊರತೆಗೇನೂ ಕೊರತೆಯಿಲ್ಲ. ಎಚ್‌ಐವಿಗೆ ಕೊಡುವ ಜಿಡೊವುಡಿನ್, ಕ್ಯಾನ್ಸರಿನ ಕೆಲವು ಔಷಧಿ, ಫಂಗಸ್, ಬಿಗಿಯಾದ ಶೂ ಕೂಡ ಕಾರಣವಾಗುತ್ತವೆ. ಅಡಿಕೆ ಸುಲಿದವರ ಕೈಯ ಚೊಗರು, ಮೆಹೆಂದಿ, ಹೇರ್ ಡೈ ಹೊರಗಿನ ಬಣ್ಣಗಳು. ಉಗುರು ಬೆಳೆದಂತೆ ಹೋಗುತ್ತವೆ. ಅನುಮಾನ ಪಡಬೇಕಾದ್ದು ಒಂದೇ ಬೆರಳಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಬಂದ ಗೆರೆಯನ್ನು. ಅದು 3 ಮಿಲಿಮೀಟರ್ ಮುಟ್ಟಿದ್ದರೆ, ಒಂದೇ ಗೆರೆಯಲ್ಲಿ ಕಂದು ಕಪ್ಪು ಕಲಸಿದ್ದರೆ, ಉಗುರು ಸೀಳುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮಕ್ಕಳ ಉಗುರಿನ ಗೆರೆ ನೋಡಲು ಭಯ ಹುಟ್ಟಿಸಿದರೂ ಅದು ಕ್ಯಾನ್ಸರ್ ಆಗಿರುವುದು ಬಹಳ ಬಹಳ ಅಪರೂಪ.

ಲಂಡನ್ನಿನ ಸರ್ಜನ್ ಜೊನಾಥನ್ ಹಚಿನ್ಸನ್ 1886ರಲ್ಲಿ ಈ ಕಾಯಿಲೆಯನ್ನು ವಿವರಿಸುವಾಗ ಕರೆದದ್ದೇ ಕಪ್ಪು ಉಗುರುಸುತ್ತು ಎಂದು. ಬಣ್ಣ ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೆ ಹರಿದಿರುವುದನ್ನು ಅವರು ಗಮನಿಸಿದ್ದರು. ಇವತ್ತಿಗೂ ಅದು ಹಚಿನ್ಸನ್ ಚಿಹ್ನೆ. ನಮ್ಮ ಕಡೆ ಉಗುರುಸುತ್ತು ಎಂದರೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡುವ ಪದ್ಧತಿ ಇದೆ. ನಿಜವಾದ ಉಗುರುಸುತ್ತು ಪಟಪಟ ಹೊಡೆದುಕೊಳ್ಳುತ್ತದೆ, ಕೀವಾಗುತ್ತದೆ, ಒಂದೆರಡು ವಾರದಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಇಳಿಯದೆ, ಅಷ್ಟೇನೂ ನೋಯದೆ ಇರುವುದಕ್ಕೆ ನಿಂಬೆಹಣ್ಣು ಖರ್ಚು ಮಾಡಬಾರದು. ಸುಮಾರು ನಾಲ್ಕರಲ್ಲೊಂದು ಉಗುರಿನ ಮೆಲನೋಮ ಕಪ್ಪಾಗಿಯೂ ಇರುವುದಿಲ್ಲ, ಉಗುರನ್ನು ಎತ್ತಿಕೊಂಡು ಬರುವ ಕೆಂಪು ಮಾಂಸದಂತಿರುತ್ತದೆ. ಇದು ಬಲ್ಲವರನ್ನೂ ಯಾಮಾರಿಸುತ್ತದೆ.

ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಆದದ್ದು ಇದೇ ಕಾಯಿಲೆ. ಕಾಲ್ಬೆರಳಿನ ಗಾಯವನ್ನು ಫುಟ್‌ಬಾಲ್ ಆಟದ ಪೆಟ್ಟು ಎಂದುಕೊಂಡಿದ್ದರು. 1977ರಲ್ಲಿ ಅದು ಮೆಲನೋಮ ಎಂದು ಗೊತ್ತಾಯಿತು. ಬೆರಳು ತೆಗೆಸಲು ಅವರು ಒಪ್ಪಲಿಲ್ಲ. ಉಗುರು ಮತ್ತು ಅದರಡಿಯ ಭಾಗವನ್ನಷ್ಟೇ ತೆಗೆದು ಚರ್ಮ ಕಸಿ ಮಾಡಲಾಯಿತು. 1981ರ ಮೇ 11ರಂದು ತೀರಿಕೊಂಡಾಗ ಅವರಿಗೆ 36 ವರ್ಷ. ಏಟಿನಿಂದಲೇ ಈ ಕ್ಯಾನ್ಸರ್ ಹುಟ್ಟುತ್ತದೆ ಎಂಬುದು ಸಾಬೀತಾಗಿಲ್ಲ. ಏಟು ಮಾಡುವ ದೊಡ್ಡ ಹಾನಿ ಎಂದರೆ ಸುಮ್ಮನಿರಲು ನೆಪ ಕೊಡುವುದು.

ಖಚಿತ ಮಾಡಿಕೊಳ್ಳಲು ಬಯಾಪ್ಸಿ ಆಗಲೇಬೇಕು. ಚರ್ಮವೈದ್ಯರು ಮೊದಲು ಡರ್ಮೋಸ್ಕೋಪ್ ಎಂಬ ಬೆಳಕಿನ ಮಸೂರವಿಟ್ಟು ಗೆರೆಯನ್ನು ನೋಡುತ್ತಾರೆ. ಅನುಮಾನವಿದ್ದರೆ ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಡಿಕೆ ಬಿಡಿಸಿ, ಗೆರೆ ಹೊರಟಿರುವ ಜಾಗದಿಂದಲೇ ತುಣುಕು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಬರೀ ಉಗುರು ಕಿತ್ತು ಡ್ರೆಸ್ಸಿಂಗ್ ಮಾಡಿ ಕಳಿಸಿದರೆ ಕೋಶಗಳು ಬುಡದಲ್ಲಿ ಹಾಗೇ ಉಳಿಯುತ್ತವೆ. ಸೂಜಿ, ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಊರೆಲ್ಲ ಇದೆ. ಅದರಲ್ಲಿ ಹುರುಳಿಲ್ಲ, ಆದರೆ ಅದನ್ನು ನಂಬಿ ಕಳೆದುಕೊಳ್ಳುವ ತಿಂಗಳುಗಳು ನಿಜ.

ಮುಂದಿನದೆಲ್ಲ ಆಳದ ಲೆಕ್ಕ. ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂದು ಅಳೆಯುವ ಪದ್ಧತಿಯನ್ನು ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ಕೊಟ್ಟರು. ಮೇಲ್ಪದರದಲ್ಲೇ ಇದ್ದರೆ ಉಗುರು, ಬುಡ, ಸುತ್ತಲ ಚರ್ಮ ತೆಗೆದು ಕಸಿ ಮಾಡಿದರೆ ಸಾಕು. ಉಗುರು ಮತ್ತೆ ಬಾರದಿದ್ದರೂ ಬೆರಳು ಉಳಿಯುತ್ತದೆ. ಆಳಕ್ಕಿಳಿದಿದ್ದರೆ ಹೆಚ್ಚಾಗಿ ಒಂದು ಗಿಣ್ಣು ಹೋಗುತ್ತದೆ, ಕಂಕುಳಿನ ಅಥವಾ ತೊಡೆಸಂದಿನ ಗ್ರಂಥಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಗತಿ ಬರುವುದು ತಡವಾದಾಗ. ದೇಹದಲ್ಲಿ ಹರಡಿದ ಮೇಲೆ, ರೋಗನಿರೋಧಕ ಕೋಶಗಳ ಬ್ರೇಕ್ ಬಿಡಿಸುವ ಇಮ್ಯುನೋಥೆರಪಿ ಇದೆ. ಅದರ ಹಿಂದಿನ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಬಿಸಿಲಿನ ಮೆಲನೋಮಕ್ಕೆ ನಾಟುವಷ್ಟು ಆ ಔಷಧಿ ಅಂಗೈ, ಅಂಗಾಲು, ಉಗುರಿನ ಮೆಲನೋಮಕ್ಕೆ ನಾಟುವುದಿಲ್ಲ. ಬೆಲೆಯೂ ಲಕ್ಷಗಳಲ್ಲಿ.

ಬ್ಯಾಡರಹಳ್ಳಿಯವರಿಗೆ ಮೊದಲ ಹೆಜ್ಜೆ ದೂರವಿಲ್ಲ. ಫ್ಯಾಕ್ಟರಿಯಲ್ಲಿ ಇಎಸ್‌ಐ ಕಟ್ಟುತ್ತಿರುವವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಕ್ಯಾನ್ಸರ್ ಎಂದು ಗೊತ್ತಾದರೆ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಇದೆ, 1973ರಲ್ಲಿ ಶುರುವಾದದ್ದು. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ. ನೈಲ್ ಪಾಲಿಶ್ ಹಚ್ಚಿದ್ದರೆ ಹಿಂದಿನ ದಿನವೇ ಪೂರ್ತಿ ಒರೆಸಿಕೊಳ್ಳಿ, ಏಕೆಂದರೆ ಡಾಕ್ಟರು ತೋರಿಸಿದ ಒಂದು ಬೆರಳನ್ನಷ್ಟೇ ಅಲ್ಲ, ಇಪ್ಪತ್ತೂ ಉಗುರುಗಳನ್ನು ಹೋಲಿಸಿ ನೋಡಬೇಕಾಗುತ್ತದೆ. ಮೊಬೈಲಿನ ಹಳೆಯ ಫೋಟೊಗಳನ್ನು ಮಾತ್ರ ಡಿಲೀಟ್ ಮಾಡಬೇಡಿ. ಕಳೆದ ವರ್ಷದ ಮದುವೆಯಲ್ಲಿ ಕೈ ಕಾಣುವಂತೆ ತೆಗೆಸಿಕೊಂಡ ಫೋಟೊ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ.