ನೀರಿನಲ್ಲಿ ಕಾಣುವ ಅಪರಿಚಿತ ಜೀವಿಗಳನ್ನು ಗುರುತಿಸುವುದು ಹೇಗೆ?



ಹರಿಯಬ್ಬೆ ಮತ್ತು ಸುತ್ತಲಿನ ಹಳ್ಳಿಗಳು ಮಳೆ ಕಡಿಮೆಯಾದ ಸೀಮೆಗೆ ಸೇರಿದವು. ಆದ್ದರಿಂದ ನೀರನ್ನು ಕೂಡಿಡುವುದು ನಮಗೆ ಅನಿವಾರ್ಯ. ಮನೆಯಲ್ಲಿ ಸಿಮೆಂಟಿನ ತೊಟ್ಟಿ, ಕೊಟ್ಟಿಗೆಯ ಬಳಿ ಕಲ್ಲುಬಾನಿ, ಹೊಲದಲ್ಲಿ ಕೃಷಿ ಹೊಂಡ, ಊರಿಗೊಂದು ಕೆರೆ. ಕೆಲವರ ಮನೆಯಲ್ಲಿ ಮಕ್ಕಳು ಆಸೆಪಟ್ಟು ಇಟ್ಟ ಗಾಜಿನ ಮೀನುತೊಟ್ಟಿಯೂ ಉಂಟು. ನೀರು ನಿಂತಲ್ಲಿ ಸ್ವಲ್ಪ ದಿನಗಳಲ್ಲೇ ಏನೋ ಮಿಸುಕಾಡತೊಡಗುತ್ತದೆ. ಕೆಂಪು ಹುಳು, ಬಿಳಿ ಚುಕ್ಕೆ, ಕೂದಲಿನಂತಹ ಎಳೆ, ಲೋಳೆಯ ಮುದ್ದೆ ಹೀಗೆ ನಾನಾ ಬಗೆ.

ಇವನ್ನು ಕಂಡೊಡನೆ ಹೊಲಕ್ಕೆ ತಂದ ಕೀಟನಾಶಕವನ್ನೇ ನೀರಿಗೆ ಸುರಿಯುವವರುಂಟು. ಇದು ಬಹಳ ಅಪಾಯದ ಕೆಲಸ. ಹುಳು ಸತ್ತರೂ ವಿಷ ನೀರಿನಲ್ಲಿಯೇ ಉಳಿಯುತ್ತದೆ. ಅದೇ ನೀರನ್ನು ಮಕ್ಕಳೂ ದನಗಳೂ ಕುಡಿಯುತ್ತವೆ. ಇನ್ನು ಕೆಲವರು ಏನನ್ನೂ ಮಾಡದೆ ಸುಮ್ಮನಿರುತ್ತಾರೆ. ಅದೂ ಸರಿಯಲ್ಲ. ಮೊದಲು ಜೀವಿ ಯಾವುದೆಂದು ಗುರುತಿಸಬೇಕು, ಉಪಾಯ ಆಮೇಲೆ.

ಒಂದು ಗಾಜಿನ ಸೀಸೆ ಸಾಕು

ಗುರುತಿಸಲು ದೊಡ್ಡ ಉಪಕರಣಗಳೇನೂ ಬೇಡ. ಬಣ್ಣವಿಲ್ಲದ ಗಾಜಿನ ಸೀಸೆಯಲ್ಲಿ ಆ ನೀರನ್ನು ತುಂಬಿ, ಬೆಳಕಿಗೆ ಹಿಡಿಯಿರಿ. ಸೀಸೆಯ ಹಿಂದೆ ಒಮ್ಮೆ ಬಿಳಿ ಕಾಗದವನ್ನೂ ಒಮ್ಮೆ ಕಪ್ಪು ಬಟ್ಟೆಯನ್ನೂ ಇಟ್ಟು ನೋಡಿರಿ. ಒಂದು ಭೂತಗನ್ನಡಿ ಇದ್ದರೆ ಇನ್ನೂ ಉತ್ತಮ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಅದು ನೀರಿನ ಮೇಲಿದೆಯೋ, ನಡುವೆಯೋ, ತಳದಲ್ಲಿಯೋ? ಹೇಗೆ ಚಲಿಸುತ್ತದೆ? ಮುಟ್ಟಿದರೆ ಏನು ಮಾಡುತ್ತದೆ? ಈ ಮೂರರಿಂದಲೇ ಬಹುಪಾಲು ಜೀವಿಗಳ ಗುರುತು ಸಿಗುತ್ತದೆ.

ನಿರುಪದ್ರವಿಗಳು

ತಳದ ಕೆಸರಿನಲ್ಲಿ ರಕ್ತದ ಬಣ್ಣದ ಹುಳು ಕಂಡರೆ ಜಿಗಣೆಯೆಂದು ಹೆದರಬೇಡಿರಿ. ಅದು ಕಚ್ಚದ ಒಂದು ಜಾತಿಯ ನೊಣದ ಮರಿ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಅದರ ಮೈಯಲ್ಲಿಯೂ ಇದೆ. ಆದ್ದರಿಂದಲೇ ಗಾಳಿ ಕಡಿಮೆಯಿರುವ ಕೆಸರಿನಲ್ಲಿಯೂ ಅದು ಬದುಕಬಲ್ಲದು. ಮೀನುಗಳಿಗೆ ಇದು ಒಳ್ಳೆಯ ಆಹಾರ. ಆದರೆ ದಾರದಷ್ಟು ತೆಳುವಾದ ಕೆಂಪು ಹುಳುಗಳು ತಲೆಯನ್ನು ಕೆಸರಿನಲ್ಲಿ ಹುದುಗಿಸಿ, ಬಾಲವನ್ನು ಗುಂಪಾಗಿ ಅಲ್ಲಾಡಿಸುತ್ತಿದ್ದರೆ ಎಚ್ಚರವಿರಲಿ. ಆ ಹುಳುವಿನಿಂದ ಕೇಡಿಲ್ಲ. ಆದರೆ ಕೊಳಚೆ ಬಂದು ಸೇರುವಲ್ಲಿ ಅದು ಹೆಚ್ಚಾಗಿ ಬೆಳೆಯುತ್ತದೆ. ಚರಂಡಿಯ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಿರಿ.

ಕಲ್ಲುಬಾನಿಯಲ್ಲಿ ಗೇಣುದ್ದದ ಕಂದು ಕೂದಲೊಂದು ಗಂಟು ಹಾಕಿಕೊಂಡು ಹೊರಳುತ್ತಿರಬಹುದು. ಕುದುರೆಯ ಕೂದಲೇ ನೀರಿನಲ್ಲಿ ಜೀವ ತಳೆಯಿತೆಂದು ಹಿಂದೆ ಅನೇಕ ದೇಶಗಳಲ್ಲಿ ನಂಬುತ್ತಿದ್ದರು. ಅದು ಮಿಡತೆ, ಚಿಮ್ಮಂಡೆಗಳ ಹೊಟ್ಟೆಯಲ್ಲಿ ಬೆಳೆದು, ನೀರು ಸಿಕ್ಕಿದಾಗ ಹೊರಬರುವ ಹುಳು. ಮನುಷ್ಯರಲ್ಲಾಗಲಿ ದನಗಳಲ್ಲಾಗಲಿ ಅದು ನೆಲೆಸುವುದಿಲ್ಲ. ತೆಗೆದು ಎಸೆದರೆ ಸಾಕು.

ಮೀನುತೊಟ್ಟಿಯ ಗಾಜಿಗೆ ಹಸಿರು ಅಥವಾ ಕಂದು ಬಣ್ಣದ ಸಣ್ಣ ಎಳೆ ಅಂಟಿಕೊಂಡು, ತುದಿಯಲ್ಲಿ ಐದಾರು ಮೀಸೆಗಳನ್ನು ಚಾಚಿದ್ದರೆ ಅದು ಹೈಡ್ರಾ. ಮುಟ್ಟಿದರೆ ಚುಕ್ಕೆಯಷ್ಟು ಕುಗ್ಗಿಬಿಡುತ್ತದೆ. ಇದನ್ನು ತುಂಡರಿಸಿದರೆ ತುಂಡುಗಳೇ ಬೆಳೆದು ಬೇರೆ ಬೇರೆ ಹೈಡ್ರಾಗಳಾಗುತ್ತವೆಂದು ಅಬ್ರಹಾಂ ಟ್ರೆಂಬ್ಲೆ ಎಂಬ ವಿದ್ವಾಂಸರು ೧೭೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಆದುದರಿಂದ ಗಾಜಿನ ಮೇಲೆಯೇ ಉಜ್ಜಿ ಹಿಸುಕಬೇಡಿರಿ. ನಮಗೆ ಇದರಿಂದ ಕೇಡಿಲ್ಲ. ಆಗತಾನೆ ಹುಟ್ಟಿದ ಮೀನುಮರಿಗಳಿಗೆ ಮಾತ್ರ ಅಪಾಯ.

ವರ್ಷಗಟ್ಟಲೆ ಒಣಗಿದ್ದ ಕೆರೆಗೆ ನೀರು ಬಂದ ಕೆಲವೇ ದಿನಗಳಲ್ಲಿ ಇಷ್ಟು ಜೀವಿಗಳು ಎಲ್ಲಿಂದ ಬಂದವೆಂದು ನೀವು ಕೇಳಬಹುದು. ಕೆಲವು ಹಾರಿ ಬರುತ್ತವೆ. ಇನ್ನು ಕೆಲವುಗಳ ಮೊಟ್ಟೆಗಳು ಒಣಮಣ್ಣಿನಲ್ಲಿ ಬಿತ್ತನೆಯ ಬೀಜದಂತೆ ವರ್ಷಾನುಗಟ್ಟಲೆ ಕಾದಿದ್ದು, ನೀರು ಸೋಕಿದೊಡನೆ ಒಡೆಯುತ್ತವೆ. ಕುಪ್ಪಳಿಸುತ್ತ ಈಜುವ ನೀರುಚಿಗಟ ಅಂತಹುದು.

ಒಂದು ಬಿಳಿ ಚುಕ್ಕೆಯ ಕಥೆ

ನೀರುಚಿಗಟದೊಡನೆ ಸೈಕ್ಲಾಪ್ಸ್ ಎಂಬ ಇನ್ನೊಂದು ಜೀವಿಯೂ ಇರುತ್ತದೆ. ಒಂದೆರಡು ಮಿಲಿಮೀಟರಿನಷ್ಟೇ ಉದ್ದ. ಹೆಣ್ಣಿನ ಹಿಂಬದಿಯಲ್ಲಿ ಮೊಟ್ಟೆಯ ಎರಡು ಚೀಲಗಳು ಕಾಣುತ್ತವೆ. ನಾರುಹುಣ್ಣನ್ನು ಹರಡುತ್ತಿದ್ದುದು ಇದೇ. ರೋಗಿಯು ಮೆಟ್ಟಿಲುಬಾವಿಗೆ ಇಳಿದಾಗ ಹುಣ್ಣಿನಿಂದ ಮರಿಗಳು ನೀರಿಗೆ ಬೀಳುವವು. ಸೈಕ್ಲಾಪ್ಸ್ ಅವನ್ನು ತಿನ್ನುವುದು. ಆ ನೀರನ್ನು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಗಜದುದ್ದದ ಹುಳು ಹೊರಬರುವುದು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಈ ಪೀಡೆಯಿತ್ತು. ಇದನ್ನು ಗುಣಪಡಿಸುವ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಆದರೆ ರೋಗ ಹರಡುವ ಜೀವಿ ಯಾವುದೆಂದು ತಿಳಿದಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲುಬಾವಿಗೆ ಇಳಿಯುವುದನ್ನು ತಡೆದರು, ಕೊಳವೆಬಾವಿ ಕೊರೆದರು. ಭಾರತದ ಕೊನೆಯ ರೋಗಿ ರಾಜಸ್ಥಾನದಲ್ಲಿ ಜುಲೈ ೧೯೯೬ರಲ್ಲಿ ಕಂಡುಬಂದರು. ೨೦೦೦ದ ಫೆಬ್ರವರಿಯಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ನೀಡಿತು. ಇಂದು ನಮ್ಮಲ್ಲಿ ಸೈಕ್ಲಾಪ್ಸ್ ಇದೆ, ನಾರುಹುಣ್ಣಿಲ್ಲ. ಆದರೂ ಕುಡಿಯುವ ನೀರನ್ನು ಸೋಸುವ ಒಳ್ಳೆಯ ಅಭ್ಯಾಸವನ್ನು ಬಿಡಬಾರದು.

ಎಚ್ಚರಿಕೆ ವಹಿಸಬೇಕಾದವು

ಒಂದನೆಯದು ಸೊಳ್ಳೆಯ ಮರಿ. ತಲೆ ಕೆಳಗಾಗಿ ನೀರಿನ ಮೇಲ್ಮೈಗೆ ಓರೆಯಾಗಿ ಜೋತುಬಿದ್ದು, ನೆರಳು ಬಿದ್ದೊಡನೆ ನುಲಿಯುತ್ತ ತಳಕ್ಕೆ ಇಳಿಯುತ್ತದೆ. ಮನೆಯ ತೊಟ್ಟಿಯ ತಿಳಿನೀರಿನಲ್ಲಿ ಕಾಣುವುದು ಡೆಂಗ್ಯೂ, ಚಿಕೂನ್‌ಗುನ್ಯಾ ಹರಡುವ ಸೊಳ್ಳೆಯ ಮರಿಯೇ ಇರಬಹುದು. ಮಲೇರಿಯಾ ಸೊಳ್ಳೆಯ ಮರಿ ಜೋಲುವುದಿಲ್ಲ. ನೀರಿನ ಮೇಲೆ ಅಡ್ಡಲಾಗಿ ಮಲಗಿರುತ್ತದೆ. ಬೆಚ್ಚನೆಯ ಕಾಲದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ೭ರಿಂದ ೧೦ ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಗೋಡೆಯನ್ನು ಚೆನ್ನಾಗಿ ಉಜ್ಜಿ, ಒಣಗಿಸಿ, ಮುಚ್ಚಿಡಿರಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲವಾದ್ದರಿಂದ ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬರಿದುಮಾಡಲಾಗದ ಬಾವಿ, ತೊಟ್ಟಿಗಳಿಗೆ ಗಪ್ಪಿ ಮೀನು ಬಿಡಬಹುದು; ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆಯ ಬಾವಿಗಳಲ್ಲಿ ಈ ಉಪಾಯ ಫಲ ಕೊಟ್ಟಿದೆ. ಕೆರೆಗೂ ಹಳ್ಳಕ್ಕೂ ಇದನ್ನು ಬಿಡಬೇಡಿರಿ, ನಾಡಮೀನಿನ ಮರಿಗಳಿಗೆ ತೊಂದರೆಯಾದೀತು.

ಎರಡನೆಯದು ಬಸವನಹುಳು. ಲೋಳೆಯಲ್ಲಿ ಚುಕ್ಕೆಗಳಿರುವ ಸಣ್ಣ ಮುದ್ದೆ ಕಲ್ಲಿಗೋ ಎಲೆಗೋ ಅಂಟಿದ್ದರೆ ಅದು ಇದರ ಮೊಟ್ಟೆಯಾಗಿರಬಹುದು. ಚೂಪು ತುದಿಯ ಚಿಪ್ಪಿನ ಒಂದು ಜಾತಿಯು ದನ, ಎಮ್ಮೆ, ಕುರಿಗಳಿಗೆ ಯಕೃತ್ತಿನ ಜಂತುರೋಗವನ್ನು ತರುತ್ತದೆ. ಸುರುಳಿ ಸುತ್ತಿದ ಚಪ್ಪಟೆ ಚಿಪ್ಪಿನ ಇನ್ನೊಂದು ಜಾತಿಯಿಂದ ದನಗಳ ಮೂಗಿನಲ್ಲಿ ಗೊರಗೊರ ಶಬ್ದ ಬರಿಸುವ ರೋಗ ಹರಡುತ್ತದೆ. ಇಂತಹ ಹೊಂಡದ ಅಂಚಿನಲ್ಲಿ ದನ ಮೇಯಿಸದೆ, ನೀರನ್ನು ಎತ್ತಿ ಬಾನಿಗೆ ಹಾಕಿ ಕುಡಿಸಿರಿ. ದನ ಬಡಕಲಾಗಿ ಬೇಧಿಯಾಗುತ್ತಿದ್ದರೆ ಸಗಣಿಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿರಿ.

ಮೂರನೆಯದು ಹಸಿರು ಕೆನೆ. ಕೋಲಿನಿಂದ ಎತ್ತಿ ನೋಡಿರಿ. ಎಳೆ ಎಳೆಯಾಗಿ ಕೋಲಿಗೆ ಸುತ್ತಿಕೊಂಡರೆ ಸಾಮಾನ್ಯ ಪಾಚಿ. ತೆಗೆದು ಗೊಬ್ಬರದ ಗುಂಡಿಗೆ ಹಾಕಿರಿ. ಎಳೆಯಾಗದೆ, ಬಣ್ಣ ಚೆಲ್ಲಿದಂತೆ ಕೋಲಿಗೆ ಮೆತ್ತಿಕೊಂಡರೆ ಅದು ನೀಲಿಹಸಿರು ಪಾಚಿಯೆಂದು ಸಂಶಯಪಡಬೇಕು. ಅದರಲ್ಲಿ ಯಕೃತ್ತನ್ನು ಕೆಡಿಸುವ ವಿಷವಿರಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ದನಗಳನ್ನು ಹತ್ತಿರ ಬಿಡಬೇಡಿರಿ. ಔಷಧಿ ಹಾಕಿ ಪಾಚಿಯನ್ನು ಒಮ್ಮೆಲೇ ಕೊಂದರೆ ಒಳಗಿದ್ದ ವಿಷವೆಲ್ಲ ನೀರಿಗೆ ಬಿಡುಗಡೆಯಾಗುತ್ತದೆ. ಸಗಣಿ, ಗೊಬ್ಬರ ತೊಳೆದ ನೀರು ಹೊಂಡಕ್ಕೆ ಹರಿಯದಂತೆ ಬದು ಕಟ್ಟುವುದೇ ಇದಕ್ಕೆ ಸರಿಯಾದ ಮಾರ್ಗ.

ಗುರುತು ಸಿಗದಿದ್ದರೆ ನೀರಿನ ಸಮೇತ ಆ ಸೀಸೆಯನ್ನು ಸಮೀಪದ ಆರೋಗ್ಯ ಕೇಂದ್ರಕ್ಕೋ ಪಶುವೈದ್ಯರಲ್ಲಿಗೋ ಶಾಲೆಯ ವಿಜ್ಞಾನ ಶಿಕ್ಷಕರಲ್ಲಿಗೋ ಒಯ್ಯಿರಿ. ಎಲ್ಲಿಂದ ತಂದ ನೀರು, ಯಾವ ದಿನ ತಂದದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ವಿಷದ ಸೀಸೆಯ ಮುಚ್ಚಳ ತೆಗೆಯುವ ಮೊದಲು ಇಷ್ಟು ಮಾಡುವುದು ಪ್ರತಿಯೊಬ್ಬ ಮನೆಯೊಡೆಯನ, ಮನೆಯೊಡತಿಯ ಕರ್ತವ್ಯ.